ಮೈಕಿಗೆ ಮೆಲ್ಲಗೆ ಹಾಡುವುದನ್ನು ಮೊದಲ ಕ್ರೂನರ್‌ಗಳಿಂದ ಕಲಿಯುವ ಬಗೆ

ಭಾವಗೀತೆಯನ್ನೋ ಹಳೆಯ ಚಿತ್ರಗೀತೆಯನ್ನೋ ಮೈಕಿನ ಮುಂದೆ ಹಾಡುವ ಅನೇಕರು ಎದುರಿಗೆ ಮೈಕ್ ಇಲ್ಲವೆಂಬಂತೆಯೇ ಹಾಡುತ್ತಾರೆ. ಸಭಾಂಗಣದ ಕೊನೆಯ ಸಾಲಿಗೆ ದನಿ ಮುಟ್ಟಿಸುವ ಹೊಣೆ ತಮ್ಮ ಗಂಟಲಿನದೇ ಎಂಬ ಹಳೆಯ ರೂಢಿ ಅವರನ್ನು ಬಿಟ್ಟಿರುವುದಿಲ್ಲ. ಆ ಹೊಣೆಯನ್ನು ಯಂತ್ರಕ್ಕೆ ವಹಿಸಿ, ಉಳಿದ ಶಕ್ತಿಯನ್ನೆಲ್ಲ ಸಾಹಿತ್ಯದ ಕಡೆಗೆ ತಿರುಗಿಸಬಹುದೆಂದು ತೋರಿಸಿಕೊಟ್ಟವರು 1920ರ ದಶಕದ ಅಮೆರಿಕದ ಕೆಲವು ಗಾಯಕರು. ಕ್ರೂನರ್‌ಗಳೆಂದು ಹೆಸರಾದ ಅವರ ಧ್ವನಿಮುದ್ರಿಕೆಗಳನ್ನು ಹೇಗೆ ಕೇಳಬೇಕು, ಕೇಳಿದ್ದನ್ನು ನಮ್ಮ ಹಾಡಿಗೆ ಹೇಗೆ ಅಳವಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಅಭ್ಯಾಸವು ಕೇಳುವುದರಿಂದಲೇ ಆರಂಭವಾಗಲಿ. 1925ಕ್ಕಿಂತ ಮೊದಲು ಬಹುಮಟ್ಟಿಗೆ ಎಲ್ಲ ಧ್ವನಿಮುದ್ರಣವೂ ಕಹಳೆಯ ಮೂಲಕ ನಡೆಯುತ್ತಿತ್ತು. ಗಾಯಕನು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕಾಗಿತ್ತು. ಅವನ ದನಿಯ ಒತ್ತಡವೊಂದೇ ತೆಳುವಾದ ಪೊರೆಯನ್ನು ನಡುಗಿಸಿ, ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕಾಗಿತ್ತು. ಆ ಕಾಲದ ಜನಪ್ರಿಯ ಗಾಯಕ ಬಿಲ್ಲಿ ಮರ್ರೆ ಅವರ ಯಾವುದಾದರೂ ಹಾಡನ್ನು ಕೇಳಿದರೆ, ಒಂದೊಂದು ಅಕ್ಷರವೂ ಸುತ್ತಿಗೆಯ ಪೆಟ್ಟಿನಂತೆ ಬೀಳುವುದು ಗಮನಕ್ಕೆ ಬರುತ್ತದೆ. ಅದು ಅಭಿರುಚಿಯ ದೋಷವಲ್ಲ, ಕಹಳೆ ಕೇಳಿದ ಬೆಲೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ನ್ಯಾಷನಲ್ ಜ್ಯೂಕ್‌ಬಾಕ್ಸ್ ಜಾಲತಾಣದಲ್ಲಿ ಇಂತಹ ಮುದ್ರಿಕೆಗಳು ಉಚಿತವಾಗಿ ದೊರೆಯುತ್ತವೆ.

1925ರಲ್ಲಿ ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು ವೆಸ್ಟರ್ನ್ ಎಲೆಕ್ಟ್ರಿಕ್ ರೂಪಿಸಿದ ವಿದ್ಯುತ್ ಧ್ವನಿಮುದ್ರಣ ವಿಧಾನವನ್ನು ಅಳವಡಿಸಿಕೊಂಡವು. ಕಹಳೆಯ ಜಾಗಕ್ಕೆ ಮೈಕ್ ಬಂತು. ಸಣ್ಣ ದನಿಯನ್ನು ಹಿಗ್ಗಿಸುವ ಆಂಪ್ಲಿಫೈಯರ್ ಅದರ ಬೆನ್ನಿಗೆ ನಿಂತಿತು. ಈ ಬದಲಾವಣೆಯನ್ನು ಕಿವಿಯಿಂದಲೇ ಹಿಡಿಯಬೇಕಾದರೆ, ಟೆಕ್ಸಾಸ್‌ನಲ್ಲಿ ಹುಟ್ಟಿದ ಜೀನ್ ಆಸ್ಟಿನ್ 1927ರಲ್ಲಿ ವಿಕ್ಟರ್ ಕಂಪನಿಗೆ ಹಾಡಿದ ‘ಮೈ ಬ್ಲೂ ಹೆವನ್’ ಹಾಡನ್ನು ಮರ್ರೆಯವರ ಹಳೆಯ ಮುದ್ರಿಕೆಯ ಬೆನ್ನಿಗೇ ಕೇಳಿ. ಮೊದಲ ಸಲ ಸಕಾರದ ಸದ್ದಿಗೆ ಮಾತ್ರ ಕಿವಿಗೊಡಿ: ಕಹಳೆಯ ಮುದ್ರಿಕೆಯಲ್ಲಿ ಬಹುತೇಕ ಮಾಯವಾಗಿದ್ದ ಅದು ಇಲ್ಲಿ ಮೆಲ್ಲಗೆ ಮರಳಿ ಬಂದಿರುತ್ತದೆ. ಎರಡನೆಯ ಸಲ ಹಿನ್ನೆಲೆಯನ್ನು ಗಮನಿಸಿ: ಪಿಯಾನೊ, ಚೆಲ್ಲೊ ಮತ್ತು ಸಿಳ್ಳೆಯ ದನಿ, ಅಷ್ಟೇ. ದನಿಯನ್ನು ತಗ್ಗಿಸುವವರು ಹಿಮ್ಮೇಳವನ್ನೂ ತೆಳುವಾಗಿಸಲೇಬೇಕು ಎಂಬ ಪಾಠವನ್ನು ಈ ಒಂದು ಮುದ್ರಿಕೆಯಿಂದಲೇ ಕಲಿಯಬಹುದು; ತಬಲಾ, ಕೀಬೋರ್ಡ್, ರಿದಮ್ ಪ್ಯಾಡ್ ಮೂರೂ ಭರ್ತಿಯಾಗಿ ನುಡಿಯುತ್ತಿರುವಾಗ ಮೆಲ್ಲಗೆ ಹಾಡಲು ಹೊರಟವರ ಪಾಡು ನಮ್ಮ ವೇದಿಕೆಗಳಲ್ಲಿ ಎಲ್ಲರೂ ಕಂಡದ್ದೇ.

ಬಳಿಕ ರೂಡಿ ವ್ಯಾಲಿ ಅವರ ಕಡೆಗೆ ಬನ್ನಿ. 1901ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಹುಟ್ಟಿದ ಇವರು ಮೂಲತಃ ಸ್ಯಾಕ್ಸೊಫೋನ್ ವಾದಕರು. ದನಿ ತೆಳು, ಸ್ವಲ್ಪ ಮೂಗಿನದು. ನ್ಯೂಯಾರ್ಕಿನ ಹೈ-ಹೋ ಕ್ಲಬ್ಬಿನಿಂದ 1928ರಲ್ಲಿ ಅವರ ಹಾಡು ರೇಡಿಯೊದಲ್ಲಿ ಪ್ರಸಾರವಾಗತೊಡಗಿತು, ಮರುವರ್ಷ ಎನ್‌ಬಿಸಿ ರೇಡಿಯೊ ಜಾಲದಲ್ಲಿ ಅವರದೇ ವಾರದ ಕಾರ್ಯಕ್ರಮ ಆರಂಭವಾಯಿತು. ಕ್ಲಬ್ಬಿನಲ್ಲಿ ಎದುರಿಗಿದ್ದವರಿಗೆ ಕೇಳಿಸಬೇಕಾದರೆ ಅವರು ಕೈಯಲ್ಲಿ ಮೆಗಾಫೋನ್ ಹಿಡಿಯಬೇಕಾಗಿತ್ತು. ಅದೇ ದನಿ ರೇಡಿಯೊ ಮೈಕಿನ ಮೂಲಕ ಮನೆಮನೆಯ ಕೋಣೆಯೊಳಗೆ ಯಾವ ಆಯಾಸವೂ ಇಲ್ಲದೆ ತಲುಪುತ್ತಿತ್ತು. ಅವರ ಹಾಡನ್ನು ಕೇಳುವಾಗ ದನಿಯ ಸೊಗಸನ್ನು ಹುಡುಕಬೇಡಿ. ಅವರು ಒಬ್ಬರಿಗೇ ಹೇಳುತ್ತಿರುವಂತೆ ಸಾಲನ್ನು ಒಪ್ಪಿಸುವ ಬಗೆಯನ್ನು ಗಮನಿಸಿ.

ಈ ಹಾಡುಗಾರಿಕೆಯನ್ನು ಎಲ್ಲರೂ ಒಪ್ಪಲಿಲ್ಲ. ಬಾಸ್ಟನ್ನಿನ ಕಾರ್ಡಿನಲ್ ವಿಲಿಯಂ ಓಕಾನೆಲ್ 1932ರ ಜನವರಿಯಲ್ಲಿ ಇದನ್ನು ಗಂಡಸಿಗೆ ತಕ್ಕದ್ದಲ್ಲದ ಕೀಳು ಹಾಡುಗಾರಿಕೆ ಎಂಬ ಅರ್ಥದಲ್ಲಿ ಬಹಿರಂಗವಾಗಿ ಖಂಡಿಸಿದರು. ಮೆಲುದನಿ ಎಂದರೆ ಬಲವಿಲ್ಲದ ದನಿ ಎಂಬ ತಪ್ಪು ತಿಳಿವಳಿಕೆ ಈ ಟೀಕೆಯ ಬುಡದಲ್ಲಿದೆ ಎಂದು ನಾನು ಭಾವಿಸುತ್ತೇನೆ, ಮತ್ತು ಕಲಿಯುವವರೂ ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಅದಕ್ಕೆ ಮದ್ದು ಇನ್ನೊಬ್ಬ ಅಮೆರಿಕನ್ ಕ್ರೂನರ್ ಬಿಂಗ್ ಕ್ರಾಸ್ಬಿ ಅವರ 1931ರ ಮುದ್ರಿಕೆಗಳು. ಮಂದ್ರಕ್ಕೆ ಸಲೀಸಾಗಿ ಇಳಿಯುವ ಅವರ ದನಿಯಲ್ಲಿ ಉಸಿರು ಎಲ್ಲಿಯೂ ಸೋರುವುದಿಲ್ಲ. ಸಾಲು ಎಷ್ಟೇ ಉದ್ದವಿದ್ದರೂ ಕೊನೆಯ ಅಕ್ಷರದವರೆಗೆ ಸ್ವರ ನೆಟ್ಟಗಿರುತ್ತದೆ. ಸ್ವರದ ಅಂಚಿನಲ್ಲಿ ಅವರು ಇಡುವ ಪುಟ್ಟ ತಿರುವುಗಳು, ಗಮಕ ಬಲ್ಲ ಕಿವಿಗೆ ಕೂಡಲೇ ಗೊತ್ತಾಗುತ್ತವೆ. ಕನ್ನಡದ ಕಿವಿಗೆ ಇದೇ ಬಗೆಯ ಸಂಯಮದ ಪರಿಚಯ ಬೇಕಾದರೆ, ರಾಜ್‌ಕುಮಾರ್ ಅವರಿಗಾಗಿ ಪಿ. ಬಿ. ಶ್ರೀನಿವಾಸ್ ಹಾಡಿದ ನಿಧಾನಗತಿಯ ಗೀತೆಗಳನ್ನು ಜೊತೆಗಿಟ್ಟುಕೊಂಡು ಕೇಳಬಹುದು.

ಈಗ ಮೈಕಿನ ಮುಂದೆ ನಿಲ್ಲಿ. ಕಾರ್ಯಕ್ರಮಗಳಲ್ಲಿ ಕೈಗೆ ಕೊಡುವ ಡೈನಾಮಿಕ್ ಮೈಕ್ ಸಾಮಾನ್ಯವಾಗಿ ಮುಂದಿನ ದನಿಯನ್ನು ಹೆಚ್ಚಾಗಿಯೂ ಹಿಂದಿನದನ್ನು ಕಡಿಮೆಯಾಗಿಯೂ ಹಿಡಿಯುತ್ತದೆ. ಇಂತಹ ಮೈಕಿಗೆ ಬಾಯಿ ಹತ್ತಿರವಾದಷ್ಟೂ ಕೆಳಗಿನ ಕಂಪನಗಳು ಉಬ್ಬಿ, ದನಿ ದುಂಡಗೆ, ಭಾರವಾಗಿ ಕೇಳಿಸುತ್ತದೆ. ಧ್ವನಿತಂತ್ರಜ್ಞರು ಇದನ್ನು ಪ್ರಾಕ್ಸಿಮಿಟಿ ಎಫೆಕ್ಟ್ ಎನ್ನುತ್ತಾರೆ. 1930ರ ದಶಕದ ಆರಂಭದಲ್ಲಿ ಆರ್‌ಸಿಎ ಕಂಪನಿ ತಂದ ರಿಬ್ಬನ್ ಮೈಕುಗಳಲ್ಲಿ ಈ ಗುಣ ಬಹಳ ಎದ್ದು ಕಾಣುತ್ತಿತ್ತು, ಕ್ರೂನರ್‌ಗಳ ದನಿಗೆ ಬಂದ ಬೆಚ್ಚನೆಯ ಮೈಯಲ್ಲಿ ಅದರ ಪಾಲೂ ಇದೆ. ನೀವೇ ಪರೀಕ್ಷಿಸಿ: ಒಂದು ಗೇಣು ದೂರದಿಂದ ಒಂದು ಸಾಲನ್ನು ಹಾಡಿ, ಅದನ್ನೇ ನಾಲ್ಕು ಬೆರಳು ದೂರದಿಂದ ಇನ್ನೂ ಮೆಲ್ಲಗೆ ಹಾಡಿ, ಎರಡನ್ನೂ ಮುದ್ರಿಸಿ ಹೋಲಿಸಿ. ಈ ಉಬ್ಬನ್ನು ಒಂದು ಮಿತಿಯಲ್ಲಿ ಬಳಸಿಕೊಳ್ಳಬೇಕು; ಮಿತಿ ಮೀರಿದರೆ ಪದಗಳು ಮಸುಕಾಗುತ್ತವೆ. ದೂರ ಅರ್ಧವಾದರೆ ಮಟ್ಟ ಸುಮಾರು 6 ಡೆಸಿಬೆಲ್ ಏರುವುದರಿಂದ, ತಾರಸ್ಥಾಯಿಗೆ ಏರುವಾಗ ಮುಖವನ್ನು ತುಸು ಹಿಂದಕ್ಕೆ ತೆಗೆದುಕೊಳ್ಳುವುದನ್ನು, ಇಳಿಯುವಾಗ ಮತ್ತೆ ಹತ್ತಿರ ಬರುವುದನ್ನು ರೂಢಿಸಿಕೊಳ್ಳಿ.

ಹಾಡುವ ಮೊದಲು ಸಾಹಿತ್ಯವನ್ನು ರಾಗವಿಲ್ಲದೆ, ಎದುರಿಗೆ ಕುಳಿತ ಒಬ್ಬರಿಗೆ ಹೇಳುವಂತೆ ಓದಿ. ಎಲ್ಲಿ ನಿಲ್ಲುತ್ತೀರಿ, ಯಾವ ಪದಕ್ಕೆ ಒತ್ತು ಬರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಉಸಿರು ತೆಗೆದುಕೊಳ್ಳುವ ಜಾಗಗಳೂ ಅವೇ ಆಗಿರಲಿ. ಬಳಿಕ ನಿಮ್ಮ ಎಂದಿನ ಶ್ರುತಿಯನ್ನು ಒಂದೆರಡು ಮನೆ ಇಳಿಸಿ. ಕಛೇರಿಯ ಶ್ರುತಿಯಲ್ಲೇ ಮೆಲ್ಲಗೆ ಹಾಡಲು ಹೋದರೆ ಮೇಲಿನ ಸ್ವರಗಳಲ್ಲಿ ಗಂಟಲು ಬಿಗಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಉಸಿರಿಗೆ ಕೊಡಿ. ಪಿಸುಗುಟ್ಟುವ ದನಿಯಲ್ಲಿ ಗಾಳಿ ಹೆಚ್ಚು, ಸ್ವರ ಕಡಿಮೆ. ಅದು ಸ್ವರತಂತುಗಳನ್ನು ಒಣಗಿಸುತ್ತದೆ, ಸಾಲಿನ ಕೊನೆಯಲ್ಲಿ ಶ್ರುತಿ ಜಾರುತ್ತದೆ. ತಂಬೂರಿಯ ಜೊತೆ ಒಂದು ಸಾಲನ್ನು ತುಂಬಿದ ಕಂಠದಲ್ಲಿ ಹಾಡಿ, ಹೊಟ್ಟೆಯ ಆಸರೆ ಹಾಗೆಯೇ ಇರುವಂತೆ ದನಿಯನ್ನು ಅರ್ಧಕ್ಕೆ, ಬಳಿಕ ಅದರ ಅರ್ಧಕ್ಕೆ ಇಳಿಸುತ್ತ ಹೋಗಿ. ಮೂರನೆಯ ಹಂತದಲ್ಲೂ ಷಡ್ಜ ತಂಬೂರಿಯಲ್ಲಿ ಕರಗಬೇಕು. ಕರಗದಿದ್ದರೆ ಹಿಂದಿನ ಹಂತಕ್ಕೆ ಮರಳಿ ಅಲ್ಲಿಯೇ ಕೆಲವು ದಿನ ನಿಲ್ಲಿ, ಆತುರ ಬೇಡ.

ವ್ಯಂಜನಗಳು ಇನ್ನೊಂದು ತೊಡಕು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಾರಿಜಾತ’, ‘ಭುವನ’ ಎಂದು ಹೇಳಿದರೆ ಗಾಳಿಯ ಗುದ್ದು ಚರ್ಮಕ್ಕೆ ತಾಗುತ್ತದೆ; ಮೈಕಿನಲ್ಲಿ ಅದೇ ‘ಢಬ್’ ಎಂಬ ಸದ್ದಾಗುತ್ತದೆ. ಮಹಾಪ್ರಾಣಗಳನ್ನು ಅಲ್ಪಪ್ರಾಣ ಮಾಡಿ ಸಾಹಿತ್ಯ ಕೆಡಿಸುವುದು ಇದಕ್ಕೆ ಪರಿಹಾರವಲ್ಲ. ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ಗಲ್ಲದ ಬದಿಯಿಂದ ಓರೆಯಾಗಿ ಹಿಡಿದರೆ ಗಾಳಿ ಪಕ್ಕದಿಂದ ಹಾದುಹೋಗುತ್ತದೆ. ಮನೆಯಲ್ಲಿ ಕಂಡೆನ್ಸರ್ ಮೈಕಿನಿಂದ ಮುದ್ರಿಸುವವರು ಈ ಗುದ್ದನ್ನು ತಡೆಯುವ ಪರದೆಯಾದ ಪಾಪ್ ಫಿಲ್ಟರ್ ಹಾಕಿಕೊಳ್ಳಲಿ.

ವೇದಿಕೆಯಲ್ಲಿ ಈ ಕ್ರಮ ಫಲಿಸುವುದು ಸೌಂಡ್ ಸಿಸ್ಟಮ್‌ನವರ ಸಹಕಾರದಿಂದ. ಸೌಂಡ್ ಚೆಕ್ ಸಮಯದಲ್ಲಿ ನೀವು ಹಾಡಲಿರುವ ಅತ್ಯಂತ ಮೆಲ್ಲನೆಯ ಸಾಲನ್ನೇ ಹಾಡಿ ತೋರಿಸಿ, ಮೈಕಿನ ಮಟ್ಟವನ್ನು ಅದಕ್ಕೆ ಹೊಂದಿಸಲು ಕೇಳಿಕೊಳ್ಳಿ. ಬಳಿಕ ಅತ್ಯಂತ ಜೋರಿನ ಸಾಲನ್ನೂ ಹಾಡಿ, ದನಿ ಒಡೆಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಕೋ ಸಾಕಷ್ಟು ತಗ್ಗಿಸಲು ಹೇಳಿ, ಏಕೆಂದರೆ ಹತ್ತಿರದ ದನಿಯನ್ನು ಅದು ಕ್ಷಣದಲ್ಲಿ ದೂರ ಮಾಡುತ್ತದೆ. ಹಾಡುವವರಿಗೇ ತಮ್ಮ ದನಿ ಕೇಳಿಸಲೆಂದು ಇಡುವ ಮಾನಿಟರ್ ಸ್ಪೀಕರ್ ಮೈಕಿನ ಹಿಂಬದಿಗೆ ಮುಖ ಮಾಡಿರಲಿ, ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಬೇಡಿ. ಮಟ್ಟ ಏರಿಸಿದಾಗ ಕೇಳಿಬರುವ ಕಿರುಚು ಹೆಚ್ಚಾಗಿ ಈ ಎರಡು ತಪ್ಪುಗಳಿಂದಲೇ ಬರುತ್ತದೆ.