ಪವರ್ ಇದ್ದರೆ ಸಾಲದು, ನೆಲಕ್ಕೆ ಇಳಿಯಬೇಕು: ರಿಯರ್ ವೀಲ್ ಡ್ರೈವ್ ಕಾರಿಗೆ ಡ್ರ್ಯಾಗ್ ರೇಸಿನಲ್ಲಿ ಗ್ರಿಪ್ ಹುಡುಕೋದು ಹೇಗೆ

ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಟ್ಯೂನಿಂಗ್) ಆಯ್ತು, ಡೌನ್‌ಪೈಪ್ (ಟರ್ಬೋ ಹಿಂದಿನ ಹೊಗೆ ಕೊಳವೆ) ಹಾಕಿಸಿದ್ದಾಯ್ತು, ಪವರ್ ಅಳೆದು ಕೊಟ್ಟ ಡೈನೋ ಶೀಟ್ ನೋಡಿದರೆ ಖುಷಿಯೋ ಖುಷಿ. ಆದರೆ ನೇರ ದಾರಿಯಲ್ಲಿ ಇಬ್ಬರು ಓಡಿಸೋ ಡ್ರ್ಯಾಗ್ ರೇಸಿನಲ್ಲಿ ಹಸಿರು ಲೈಟ್ ಬಿದ್ದ ಕೂಡಲೇ, ಎಂಜಿನ್ ತಿರುಗಿಸೋ ಹಿಂದಿನ ಚಕ್ರ ನಿಂತಲ್ಲೇ ಗರಗರ ಸುತ್ತಿ, ಪಕ್ಕದ ಲೇನಿನ ಪೋಲೋ ಮೂರು ಕಾರಿನಷ್ಟು ಮುಂದೆ ಹೋಗಿಬಿಟ್ಟರೆ ಆ ಪವರ್ ಇದ್ದೂ ಏನು ಉಪಯೋಗ? ಕಾರವಾರ, ಕುಮಟಾ, ಶಿರಸಿ ಕಡೆ ಹಳೇ ಬಿಎಂಡಬ್ಲ್ಯೂ ತ್ರೀ ಸೀರೀಸೋ ಸಿ ಕ್ಲಾಸೋ ತಗೊಂಡ ಹುಡುಗರು ಮೊದಲು ಕೇಳೋದು "ಇನ್ನೆಷ್ಟು ತೆಗೀಬಹುದು" ಅಂತ. ಹಿಂದಿನ ಟೈರ್ ಯಾವುದು ಅಂತ ಯಾರೂ ಕೇಳಲ್ಲ. ನಾನು ಹೇಳೋದು ಇಷ್ಟೇ: ಇರೋ ಪವರನ್ನು ಮೊದಲು ನೆಲಕ್ಕೆ ಇಳಿಸಿ. ಖರ್ಚೂ ಕಡಿಮೆ, ಅರ್ಧ ಕೆಲಸ ಮನೆ ಅಂಗಳದಲ್ಲೇ ಮುಗಿಯುತ್ತದೆ.

ರಾತ್ರಿ ಖಾಲಿ ಇರುತ್ತೆ ಅಂತ ಹೆದ್ದಾರಿ 66ರಲ್ಲಿ ಟ್ರೈ ಮಾಡೋ ಯೋಚನೆ ಇದ್ದರೆ ಈಗಲೇ ಬಿಡಿ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡೋದು ಅಪರಾಧ, ಜೈಲೂ ಆಗಬಹುದು. ಕಾನೂನು ಬಿಡಿ, ಆ ರಸ್ತೆ ಈ ಕೆಲಸಕ್ಕೆ ಲಾಯಕ್ಕೇ ಅಲ್ಲ. ಮೀನು ಲಾರಿಯಿಂದ ಸೋರಿದ ನೀರು, ಗಾಳಿಗೆ ಹಾರಿ ಬಂದ ಕಡಲ ಮರಳು, ಅಂಚಿಗೆ ಕೆಂಪು ಮಣ್ಣು, ನಡುವೆ ಮಲಗಿದ ದನ. ಲೋಣಾವಳ ಹತ್ತಿರ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ನಡೆಯುವ ವ್ಯಾಲಿ ರನ್‌ನಂಥ ಕಡೆ ಹೋಗಿ. ಹೆಲ್ಮೆಟ್, ಆಂಬುಲೆನ್ಸ್, ಟೈಮಿಂಗ್ ಎಲ್ಲ ಇರುವ ಜಾಗದಲ್ಲಿ ಓಡಿಸಿ.

ಓಟದ ಉದ್ದ ಕ್ವಾರ್ಟರ್ ಮೈಲ್, ಅಂದರೆ 402 ಮೀಟರ್. ಆದರೆ ನೀವು ನೋಡಬೇಕಾದದ್ದು ಮೊದಲ 60 ಅಡಿಯ ಟೈಮ್, ಅಂದರೆ ಸುಮಾರು 18 ಮೀಟರ್. ಕೊನೆಯ ಸ್ಪೀಡ್ ಎಂಜಿನ್ ಬಗ್ಗೆ ಹೇಳುತ್ತದೆ, 60 ಅಡಿಯ ಟೈಮ್ ಗ್ರಿಪ್ ಬಗ್ಗೆ ಹೇಳುತ್ತದೆ. ಅಲ್ಲಿ 0.1 ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ ಅದು ಒಂದೂವರೆ ಪಟ್ಟು, ಕೆಲವು ಸಲ ಎರಡು ಪಟ್ಟು ಆಗಿ ಸಿಗುತ್ತದೆ. ಮಾಮೂಲಿ ರೋಡ್ ಟೈರಿನಲ್ಲಿ ಸುಮಾರು 2.0ರಿಂದ 2.2 ಸೆಕೆಂಡ್ ಬಂದರೆ ಬೇಜಾರು ಮಾಡ್ಕೋಬೇಡಿ. ಅದಕ್ಕಿಂತ ಜಾಸ್ತಿ ಬರ್ತಿದ್ದರೆ ಕೆಲಸ ಬಾಕಿ ಇದೆ.

ಸ್ವಲ್ಪ ಲೆಕ್ಕ ಹೇಳ್ತೀನಿ, ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕಾರು ಮುಂದಕ್ಕೆ ಚಿಮ್ಮಿದಾಗ ಭಾರ ಹಿಂದಕ್ಕೆ ಬೀಳುತ್ತದೆ. ಎಷ್ಟು ಅಂತ ಬೇಕಾದರೆ ಕಾರಿನ ತೂಕ, ವೇಗ ಏರುವ ದರ, ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನೋದು, ಈ ಮೂರನ್ನೂ ಗುಣಿಸಿ ವೀಲ್‌ಬೇಸಿನಿಂದ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಭಾಗಿಸಿ. 1500 ಕೆಜಿ ಕಾರು, ವೇಗ ಏರುವ ದರ 0.6 ಜಿ (ಗುರುತ್ವದ 0.6 ಪಟ್ಟು), 0.55 ಮೀಟರ್ ಎತ್ತರ, 2.76 ಮೀಟರ್ ವೀಲ್‌ಬೇಸ್ ಅಂತ ಇಟ್ಟುಕೊಂಡರೆ ಹಿಂದಕ್ಕೆ ಬರೋದು ಸುಮಾರು 180 ಕೆಜಿ. ಅರ್ಧರ್ಧ ತೂಕ ಹಂಚಿಕೆ ಇರುವ ಕಾರಾದರೆ ಹಿಂದೆ ನಿಂತಾಗ 750 ಇದ್ದದ್ದು 930 ಆಗುತ್ತದೆ. ಆದರೆ ಇದು ಬರೋದು ಕಾರು ನಿಜವಾಗಿ ಮುಂದೆ ಹೋದಾಗ ಮಾತ್ರ. ಮೊದಲ ಕ್ಷಣವೇ ಚಕ್ರ ಸುತ್ತಿಬಿಟ್ಟರೆ ಆ 180 ಕೆಜಿ ಪೂರ್ತಿ ಹಿಂದೆ ಬರೋದೇ ಇಲ್ಲ, ಭಾರ ಇಲ್ಲ ಅಂತ ಚಕ್ರ ಇನ್ನೂ ಸುತ್ತುತ್ತದೆ.

ಈಗ ಕಾರನ್ನು ನೆಲಕ್ಕೆ ಅಂಟಿಸಿದ ಹಾಗೆ ಇಳಿಸೋರ ವಿಷಯ. ನೋಡೋಕೆ ಚಂದ, ಒಪ್ಪಿದೆ. ಆದರೆ ಇಳಿಸಿದಷ್ಟೂ ಹಿಂದಕ್ಕೆ ಬರುವ ಭಾರ ಕಡಿಮೆ. ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರ ಬೇರೆ ಬೇರೆ ಆಡುವಂಥದ್ದು) ಇದ್ದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೈರಿನ ಒಳಗಿನ ಅಂಚು ಮಾತ್ರ ನೆಲ ಹಿಡಿಯುತ್ತದೆ. 255 ಅಗಲದ ಟೈರಿಗೆ ದುಡ್ಡು ಕೊಟ್ಟು ಅರ್ಧ ಟೈರಿನಲ್ಲಿ ಓಡಿಸೋದು ಯಾಕೆ? ಹಿಂದಿನ ಕ್ಯಾಂಬರ್ (ಚಕ್ರದ ಈ ವಾಲು) ಸೊನ್ನೆಯ ಹತ್ತಿರ ತನ್ನಿ, ಟೋ (ಮೇಲಿಂದ ನೋಡಿದರೆ ಚಕ್ರದ ಮೂತಿ ತಿರುಗಿರುವ ದಿಕ್ಕು) ಒಂದು ಚೂರು ಒಳಗೆ ಇರಲಿ. ಬರೀ ಮುಂದಿನ ಚಕ್ರ ನೋಡಿ ಕಳಿಸೋ ಅಂಗಡಿಯಲ್ಲಿ ಇದು ಆಗೋದಿಲ್ಲ, ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡೋ ಕಡೆ ಹೋಗಿ.

ಟೈರಿಗೆ ಬರೋಣ. ಇದೇ ಮುಖ್ಯ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1419 ಅಂದರೆ 2019ರ ಹದಿನಾಲ್ಕನೇ ವಾರ. ಗುಂಡಿ (ಟೈರಿನ ಮೇಲಿನ ಅಚ್ಚು, ಅದರ ಗೆರೆಗಳು) ಎಷ್ಟೇ ಚೆನ್ನಾಗಿ ಕಂಡರೂ ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ಉಗುರಿನಿಂದ ಒತ್ತಿದರೆ ಗೊತ್ತಾಗುತ್ತದೆ. ಟ್ರೆಡ್‌ವೇರ್ ನಂಬರ್ (ಟೈರ್ ಎಷ್ಟು ನಿಧಾನ ಸವೆಯುತ್ತೆ ಅನ್ನೋದು) 400, 500 ಇರೋದು ಮೈಲೇಜಿಗೆ ಚೆನ್ನ, ಸ್ಟಾರ್ಟಿಗೆ ಅಲ್ಲ. 200ರ ಆಸುಪಾಸಿನ ಮೆತ್ತನೆ ಟೈರ್ ಸಿಕ್ಕರೆ ಅಲ್ಲೇ ಅರ್ಧ ಗೆದ್ದ ಹಾಗೆ. 19 ಇಂಚಿನ ಅಲಾಯ್ ತೆಗೆದು, ಬ್ರೇಕ್ ಕ್ಯಾಲಿಪರಿಗೆ ತಾಗದಿದ್ದರೆ 17ಕ್ಕೆ ಇಳಿಯಿರಿ. ಎತ್ತರದ ಸೈಡ್‌ವಾಲ್ ಸ್ಟಾರ್ಟಿನಲ್ಲಿ ಮಡಚಿಕೊಂಡು ಹೊಡೆತ ನುಂಗುತ್ತದೆ, ರಬ್ಬರಿನ ಪಟ್ಟಿಯಂಥ ಸೈಡ್‌ವಾಲ್‌ಗೆ ಆ ಶಕ್ತಿ ಇಲ್ಲ.

ಗಾಳಿಯ ವಿಷಯದಲ್ಲಿ ಜನ ಎರಡು ತಪ್ಪು ಮಾಡ್ತಾರೆ. ಒಂದು, ಮುಟ್ಟೋದೇ ಇಲ್ಲ. ಇನ್ನೊಂದು, ಯಾರೋ ವಿಡಿಯೋದಲ್ಲಿ 15 ಅಂದರು ಅಂತ ಮಾಮೂಲಿ ಟೈರಿಗೆ 15 ಇಡ್ತಾರೆ. ಆ ನಂಬರ್ ಡ್ರ್ಯಾಗ್ ಟೈರಿಗೆ. ಮಾಮೂಲಿ ಟೈರಿಗೆ ಅಷ್ಟು ಇಳಿಸಿದರೆ ನಡುಭಾಗ ಮೇಲಕ್ಕೆ ಗುಳಿಬೀಳುತ್ತದೆ, ಎರಡು ಅಂಚು ಮಾತ್ರ ನೆಲ ಮುಟ್ಟುತ್ತದೆ, ಜೋರಿನಲ್ಲಿ ಟೈರ್ ರಿಮ್ಮಿನಿಂದ ಜಾರುವ ಅಪಾಯ ಬೇರೆ. ಹಿಂದೆ 28 ಪಿಎಸ್‌ಐನಿಂದ ಶುರು ಮಾಡಿ, ಒಂದೊಂದು ಓಟಕ್ಕೆ 2 ಇಳಿಸಿ, 24ರ ಕೆಳಗೆ ಹೋಗಬೇಡಿ. ಡ್ರ್ಯಾಗ್ ರೇಡಿಯಲ್ (ಡ್ರ್ಯಾಗ್ ರೇಸಿಗೇ ಮಾಡಿದ ಮೆತ್ತನೆ ರೇಡಿಯಲ್ ಟೈರ್) ಇದ್ದರೆ 20ರ ಹತ್ತಿರದಿಂದ ಶುರು, ಕಂಪನಿ ಕೊಟ್ಟ ಮಿತಿ ದಾಟಬೇಡಿ. ಮುಂದಿನ ಚಕ್ರಕ್ಕೆ ಮಾತ್ರ ಜಾಸ್ತಿ ಗಾಳಿ, 38 ಇದ್ದರೂ ನಡೆಯುತ್ತದೆ, ಸುಲಭವಾಗಿ ಉರುಳುತ್ತದೆ.

ಸರಿಯಾಗಿದೆಯಾ ಅಂತ ತಿಳಿಯೋಕೆ ಶಾಲೆಯ ಸೀಮೆಸುಣ್ಣ ಸಾಕು. ಟೈರಿನ ಅಡ್ಡಕ್ಕೆ ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪ ಗೆರೆ ಎಳೆಯಿರಿ, ಸಾಲಿಗೆ ಬರುವ ಮುಂಚೆ ಹತ್ತಿಪ್ಪತ್ತು ಮೀಟರ್ ನಿಧಾನ ಓಡಿಸಿ ಇಳಿದು ನೋಡಿ. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಅಂಚಿನಲ್ಲಿ ಅಳಿಸಿ ನಡುವೆ ಬೆಳ್ಳಗೆ ಉಳಿದಿದ್ದರೆ ಕಡಿಮೆ. ಒಳ ಅಂಚು ಮಾತ್ರ ಅಳಿಸಿದ್ದರೆ ಗಾಳಿ ಬಿಡಿ, ಕ್ಯಾಂಬರ್ ನೋಡಿ. ಓಟದ ಶುರುವಿನಲ್ಲಿ ನೆಲದ ಮೇಲೆ ಬಿದ್ದ ಕಪ್ಪು ಗುರುತೂ ಇದೇ ಕಥೆ ಹೇಳುತ್ತದೆ. ಯಾರಾದರೂ ಗೆಳೆಯನಿಗೆ ಹೇಳಿ ಅದರ ಫೋಟೋ ತೆಗೆಸಿ, ವಿಡಿಯೋಗಿಂತ ಅದು ಉಪಯೋಗ.

ಬರ್ನ್ಔಟ್, ಅಂದರೆ ಓಟಕ್ಕೆ ಮುಂಚೆ ನಿಂತಲ್ಲೇ ಚಕ್ರ ಸುತ್ತಿಸಿ ಟೈರ್ ಕಾಯಿಸೋದು? ಮಾಮೂಲಿ ಟೈರಿಗೆ ಧೂಳು ಉದುರುವಷ್ಟು ಸುತ್ತಿಸಿದರೆ ಸಾಕು. ಜಾಸ್ತಿ ಹೊಗೆ ಎಬ್ಬಿಸಿದರೆ ಮೇಲಿನ ಪದರ ಕಾದು ಎಣ್ಣೆ ಹಚ್ಚಿದಂತೆ ಆಗುತ್ತದೆ. ಡ್ರ್ಯಾಗ್ ರೇಡಿಯಲ್ಲಿಗೆ ಹೊಗೆ ಸಣ್ಣಗೆ ಏಳುವವರೆಗೆ ಮಾಡಿ. ನೀರು ಹಾಕಿಟ್ಟ ಜಾಗ ಇದ್ದರೆ ಗುಂಡಿ ಇರುವ ಟೈರಿನವರು ಪಕ್ಕದಿಂದ ಸುತ್ತಿ ಹೋಗಿ. ಗುಂಡಿಯಲ್ಲಿ ನೀರು ಹೊತ್ತುಕೊಂಡು ಹೋಗಿ ಸ್ಟಾರ್ಟ್ ಲೈನಿನಲ್ಲಿ ಚೆಲ್ಲಿದರೆ ನಿಮಗೂ ಕಷ್ಟ, ಹಿಂದೆ ಬರೋನ ಬೈಗುಳ ಬೇರೆ. ಹ್ಯಾಂಡ್‌ಬ್ರೇಕ್ ಎಳೆದು ಬರ್ನ್ಔಟ್ ಮಾಡೋಕೆ ಹೋಗಬೇಡಿ, ಅದು ಹಿಡಿಯೋದೇ ಹಿಂದಿನ ಚಕ್ರವನ್ನು!

ಇನ್ನು ಕಾರಿನ ಕೆಳಗೆ. ಇದನ್ನು ಕರಾವಳಿಯವರು ಒಂದು ಸಲ ಜಾಸ್ತಿ ನೋಡಬೇಕು. ಸಮುದ್ರದ ಗಾಳಿಗೆ ನಾಲ್ಕು ತಿಂಗಳ ಮಳೆ ಸೇರಿ ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹಿಡಿಯುವ ಚೌಕಟ್ಟು), ಟ್ರೇಲಿಂಗ್ ಆರ್ಮ್ (ಚಕ್ರವನ್ನು ಹಿಡಿಯುವ ತೋಳು) ಕೂರುವ ಜಾಗ, ಬೋಲ್ಟುಗಳನ್ನು ಒಳಗಿಂದಲೇ ತಿಂದಿರುತ್ತದೆ. ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ), ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಟಣ್ ಅಂದರೆ ಸರಿ, ಡಬ್ ಅಂದು ಪದರ ಎದ್ದರೆ ವೆಲ್ಡಿಂಗ್ ಆಗೋವರೆಗೆ ರೇಸ್ ಬೇಡ. ಬುಷ್‌ಗಳಿಗೆ ಸಣ್ಣ ಕಬ್ಬಿಣದ ರಾಡ್ ಕೊಟ್ಟು ಅಲ್ಲಾಡಿಸಿ. ರಬ್ಬರ್ ಸೀಳಿ ಆರ್ಮ್ ಹಿಂದೆ ಮುಂದೆ ಆಡುತ್ತಿದ್ದರೆ ಸ್ಟಾರ್ಟಿನಲ್ಲಿ ಚಕ್ರ ಹಿಡಿದು, ಬಿಟ್ಟು, ಮತ್ತೆ ಹಿಡಿದು ಕುಣಿಯೋಕೆ ಶುರು ಮಾಡುತ್ತದೆ. ಅದನ್ನೇ ವೀಲ್ ಹಾಪ್ ಅನ್ನೋದು. ಕಾರಿನ ಹಿಂಭಾಗ ಧಡಧಡ ಅಂದರೆ ತಕ್ಷಣ ಕಾಲು ತೆಗೆಯಿರಿ, ಇಲ್ಲದಿದ್ದರೆ ಆಕ್ಸೆಲ್ ಶಾಫ್ಟ್ ಹೋಗುತ್ತದೆ. ಗೇರ್‌ಬಾಕ್ಸಿಗೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವಿನ ರಬ್ಬರ್ ಕಪ್ಲಿಂಗಿನಲ್ಲಿ ಬೋಲ್ಟಿನ ತೂತಿನ ಸುತ್ತ ಬಿರುಕು ಬಿಟ್ಟಿದೆಯಾ ಅಂತಲೂ ಅಲ್ಲೇ ನೋಡಿಬಿಡಿ.

ಅಂಬಾಸಿಡರ್, ಟೂ ವೀಲ್‌ನಲ್ಲಿ ಓಡಿಸೋ ಜಿಪ್ಸಿ, ಬೊಲೆರೊ ಇವುಗಳ ಕಥೆ ಬೇರೆ. ಹಿಂದೆ ಪ್ಲೇಟು (ಪಟ್ಟಿ ಪಟ್ಟಿಯ ಲೀಫ್ ಸ್ಪ್ರಿಂಗ್), ಎರಡು ಚಕ್ರವನ್ನೂ ಸೇರಿಸುವ ಗಟ್ಟಿ ಆಕ್ಸೆಲ್. ಪವರ್ ಜಾಸ್ತಿ ಕೊಟ್ಟರೆ ಆಕ್ಸೆಲ್ ಹೌಸಿಂಗೇ ತಿರುಚಿಕೊಂಡು ಪ್ಲೇಟು ಎಸ್ ಆಕಾರಕ್ಕೆ ಬಾಗುತ್ತದೆ, ಆಮೇಲೆ ಅದೇ ಕುಣಿತ. ಇದಕ್ಕೆ ಆ ತಿರುಚು ತಡೆಯುವ ಟ್ರ್ಯಾಕ್ಷನ್ ಬಾರ್ ಹಾಕಿಸಬೇಕು. ಗಟ್ಟಿ ಆಕ್ಸೆಲ್ ಗಾಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟಿನ ತಿರುಚು ಸಾಮಾನ್ಯವಾಗಿ ಬಲಗಡೆ ಹಿಂದಿನ ಚಕ್ರವನ್ನು ಹಗುರ ಮಾಡುತ್ತದೆ, ಮೊದಲು ಸುತ್ತೋದೂ ಅದೇ. ನಮ್ಮಲ್ಲಿ ಡ್ರೈವರ್ ಬಲಗಡೆ ಕೂರೋದರಿಂದ ಸ್ವಲ್ಪ ಲಾಭ ಇದೆ. ಹೊಟ್ಟೆ ಇದ್ದವರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಮಾಮೂಲಿ ಕಾರಿನಲ್ಲಿ ಎರಡು ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಟಾರ್ಕ್ ಕೊಡುತ್ತದೆ, ಹಾಗಾಗಿ ಕಡಿಮೆ ಹಿಡಿತ ಇರುವ ಚಕ್ರ ಎಷ್ಟು ತಡೆಯುತ್ತೋ ಅಷ್ಟೇ ಇನ್ನೊಂದಕ್ಕೂ. ನೆಲದಲ್ಲಿ ಒಂದೇ ಕಪ್ಪು ಗೆರೆ ಬಿದ್ದರೆ ಅದೇ ಸಾಕ್ಷಿ. ಮುಂದಿನ ದುಡ್ಡು ಟರ್ಬೋಗೆ ಬೇಡ, ಒಂದೇ ಚಕ್ರ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಹಾಕಿ.

ಇಷ್ಟಾದ ಮೇಲೂ ಕಾಲು ಸರಿ ಇಲ್ಲದಿದ್ದರೆ ಏನೂ ಆಗಲ್ಲ. ಟೈರ್ ಚೂರೂ ಸುತ್ತಬಾರದು ಅಂತಲ್ಲ. ನೆಲದ ವೇಗಕ್ಕಿಂತ ಶೇಕಡಾ 10ರಿಂದ 20ರಷ್ಟು ಜಾಸ್ತಿ ಸುತ್ತುವಾಗಲೇ ಅದರ ಹಿಡಿತ ಹೆಚ್ಚು, ಅದು ದಾಟಿದರೆ ಇಳಿಯುತ್ತಾ ಹೋಗುತ್ತದೆ. ಮ್ಯಾನುಯಲ್ ಕಾರಿನಲ್ಲಿ 2500ರ ಹತ್ತಿರ ಆರ್‌ಪಿಎಂ ಹಿಡಿದು, ಕ್ಲಚ್ಚನ್ನು ಮುಕ್ಕಾಲು ಬಿಟ್ಟು ಅಲ್ಲೇ ಒಂದು ಕ್ಷಣ ತಡೆಯಿರಿ, ಕಾರಿನ ಹಿಂಭಾಗ ಕುಳಿತದ್ದು ಬೆನ್ನಿಗೆ ಗೊತ್ತಾದ ಮೇಲೆ ಪೂರ್ತಿ ಬಿಟ್ಟು ಆಕ್ಸಿಲರೇಟರ್ ಒತ್ತಿ. ಸುತ್ತೋಕೆ ಶುರುವಾದರೆ ಪೂರ್ತಿ ಕಾಲು ತೆಗೀಬೇಡಿ, ಕಾಲುಭಾಗ ಮಾತ್ರ ಸಡಿಲಿಸಿ. ಆಟೋಮ್ಯಾಟಿಕ್ ಆದರೆ ಬ್ರೇಕ್ ಹಿಡಿದು ಆರ್‌ಪಿಎಂ ಸ್ವಲ್ಪ ಏರಿಸಿ ಬಿಡಿ, ಆದರೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡೀಬೇಡಿ, ಗೇರ್‌ಬಾಕ್ಸ್ ಎಣ್ಣೆ ಕಾಯುತ್ತದೆ. ಟರ್ಬೋ ಡೀಸೆಲ್ಲಿನಲ್ಲಿ 2000 ದಾಟುತ್ತಿದ್ದ ಹಾಗೆ ಟಾರ್ಕ್ ಒಮ್ಮೆಲೇ ಬೀಳುತ್ತದೆ, ಫಸ್ಟ್ ಗೇರಿನಲ್ಲಿ ಅದನ್ನು ತಡೆಯೋದು ಕಷ್ಟ. ಟ್ಯೂನರಿಗೆ ಹೇಳಿ ಫಸ್ಟ್ ಮತ್ತು ಸೆಕೆಂಡ್ ಗೇರಿನ ಬೂಸ್ಟ್ (ಟರ್ಬೋ ಕೊಡುವ ಗಾಳಿಯ ಒತ್ತಡ) ಇಳಿಸಿಸಿ. ಪವರ್ ಕಡಿಮೆ ಮಾಡಿಸೋಕೆ ದುಡ್ಡು ಕೊಡ್ಬೇಕಾ ಅಂತ ನಗ್ತಾರೆ, ಟೈಮ್ ಶೀಟ್ ನೋಡಿ ಸುಮ್ಮನಾಗ್ತಾರೆ.

ರೇಸಿಗೆ ಹೋದ ದಿನ ಮೊದಲು ಲೇನಿನಲ್ಲಿ ನಡೆದು ನೋಡಿ, ಆಯೋಜಕರು ಬಿಟ್ಟರೆ. ಏರ್‌ಸ್ಟ್ರಿಪ್ ಅಂದರೆ ಅಂಟು ಹಾಕಿ ತಯಾರು ಮಾಡಿದ ಡ್ರ್ಯಾಗ್ ಸ್ಟ್ರಿಪ್ ಅಲ್ಲ. ಬಿಳಿ ಬಣ್ಣದ ಪಟ್ಟಿ ಮೇಲೆ ಚಕ್ರ ಇಟ್ಟರೆ ಜಾರೋದು ಖಂಡಿತ. ಹಿಂದೆ ಓಡಿದವರ ರಬ್ಬರ್ ಬಿದ್ದ ಕಪ್ಪು ಜಾಡು ಎಲ್ಲಿದೆ ನೋಡಿ ಅದರ ಮೇಲೇ ನಿಲ್ಲಿ. ಬೆಳಿಗ್ಗೆ ನೆಲ ತಣ್ಣಗಿರುತ್ತದೆ, ಬಿಸಿಲೇರಿದ ಮೇಲೆ ಹಿಡಿತ ಬದಲಾಗುತ್ತದೆ, ಬೆಳಿಗ್ಗೆ ಟೈರಿಗೆ ಇಟ್ಟ ಗಾಳಿಯ ನಂಬರನ್ನೇ ಮಧ್ಯಾಹ್ನಕ್ಕೂ ಇಟ್ಟುಕೊಂಡು ಕೂರಬೇಡಿ. ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ. ಗಾಳಿ, ಕಾಲು, ಟೈರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ತಲೆಬುಡ ತಿಳಿಯಲ್ಲ.

ವಾಪಸ್ ಹೊರಡೋ ಮುಂಚೆ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ, ವೀಲ್ ನಟ್ ಬಿಗಿ ನೋಡಿ. ಡ್ರ್ಯಾಗ್ ರೇಡಿಯಲ್ ಇದ್ದರೆ ಬಿಚ್ಚಿ ಡಿಕ್ಕಿಗೆ ಹಾಕಿ, ಮಾಮೂಲಿ ಟೈರ್ ಹಾಕ್ಕೊಳ್ಳಿ. ಗುಂಡಿಯೇ ಸರಿಯಾಗಿ ಇಲ್ಲದ ಆ ಟೈರಿನಲ್ಲಿ ಮಳೆಗೆ ಅರಬೈಲ್ ಘಾಟ್ ಇಳಿಯೋ ಸಾಹಸ ಬೇಡ.