ಮಜೋರಿಯನ್‌ನ ಹಡಗುಗಳು ಉಳಿದಿದ್ದರೆ

ಕ್ರಿ.ಶ. 460. ಸ್ಪೇನಿನ ಕರಾವಳಿಯಲ್ಲಿ ಸುಮಾರು 300 ಹಡಗುಗಳು ಸಜ್ಜಾಗುತ್ತಿದ್ದವು. ವ್ಯಾಂಡಲರು ಅನ್ನೋ ಜರ್ಮನಿಕ್ ಬುಡಕಟ್ಟಿನವರ ಕೈಯಿಂದ ಉತ್ತರ ಆಫ್ರಿಕಾವನ್ನು ಬಿಡಿಸಿಕೊಳ್ಳಬೇಕು ಅನ್ನೋದು ರೋಮಿನ ಚಕ್ರವರ್ತಿ ಮಜೋರಿಯನ್‌ನ ಆಸೆ. ಆದರೆ ಹೊರಡುವ ಮೊದಲೇ ವ್ಯಾಂಡಲರು ಮೇಲೆ ಬಿದ್ದು ಹಡಗುಗಳನ್ನು ಹಾಳು ಮಾಡಿದರು. ಮರುವರ್ಷ ಸೇನಾಪತಿ ರಿಸಿಮರ್ ಚಕ್ರವರ್ತಿಯನ್ನೇ ಕೊಲ್ಲಿಸಿದ. ನನ್ನ ಕಾದಂಬರಿಯಲ್ಲಿ ನಾನು ಬದಲಾಯಿಸಿದ್ದು ಇಷ್ಟೇ: ಹಡಗುಗಳು ಉಳಿದವು.

ಮೊದಲ ಕರಡು ಹೀಗಿರಲಿಲ್ಲ. ಅದರಲ್ಲಿ ರೋಮ್ ಎಲ್ಲ ಯುದ್ಧಗಳನ್ನೂ ಗೆಲ್ಲುತ್ತಿತ್ತು. ಓದಿದ ತಂಗಿ, "ಅಣ್ಣಾ, ಇದರಲ್ಲಿ ಯಾರಿಗೂ ಕಷ್ಟಾನೇ ಇಲ್ವಲ್ಲ?" ಅಂದಳು. 140 ಪುಟ ಪಕ್ಕಕ್ಕಿಟ್ಟೆ. ಆಫ್ರಿಕಾ ಯಾಕೆ ಬೇಕಿತ್ತು ಅಂತ ಮತ್ತೆ ಓದತೊಡಗಿದೆ. ಉತ್ತರ ಅನ್ನದಲ್ಲಿತ್ತು. ರೋಮಿನವರ ರೊಟ್ಟಿಗೆ ಗೋಧಿ ಬರುತ್ತಿದ್ದದ್ದು ಆ ಕಡೆಯಿಂದ. 439ರಲ್ಲಿ ಅಲ್ಲಿನ ದೊಡ್ಡ ಬಂದರು ನಗರ ಕಾರ್ತೇಜ್ ವ್ಯಾಂಡಲರ ಪಾಲಾದ ಮೇಲೆ ಗೋಧಿಯ ಜೊತೆ ತೆರಿಗೆಯೂ ಹೋಯಿತು, ಸೈನಿಕರ ಸಂಬಳಕ್ಕೂ ಕುತ್ತು ಬಂತು. ಹಾಗಾಗಿ ಈಗ ನನ್ನ ಕಥೆ ಯುದ್ಧದಿಂದ ಶುರುವಾಗುವುದಿಲ್ಲ, ಬಂದರಿನಲ್ಲಿ ಗೋಧಿ ಅಳೆಯುವವನಿಂದ ಶುರುವಾಗುತ್ತದೆ.

ಎರಡನೇ ಪಾತ್ರ ಒಂದು ಕಾನೂನಿನಿಂದ ಹುಟ್ಟಿತು. ಹಳೆಯ ಸಾರ್ವಜನಿಕ ಕಟ್ಟಡಗಳ ಕಲ್ಲು ಕೀಳಬಾರದು ಅಂತ 458ರಲ್ಲಿ ಮಜೋರಿಯನ್ ಆಜ್ಞೆ ಹೊರಡಿಸಿದ್ದ. ಅದಕ್ಕೆ ಅನುಮತಿ ಕೊಟ್ಟ ಅಧಿಕಾರಿಗೆ 50 ಪೌಂಡ್ ಚಿನ್ನ ದಂಡ. ಕೈಕೆಳಗಿನ ನೌಕರರಿಗೆ ಮಾತ್ರ ಏಟು, ಮೇಲೆ ಕೈ ಕತ್ತರಿಸುವ ಶಿಕ್ಷೆ. ಆ ವ್ಯತ್ಯಾಸ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮೇಲಿನವನು ಹೇಳಿದ ಅಂತ ಕಲ್ಲು ಕೀಳುವುದಕ್ಕೆ ಬಿಟ್ಟ ಒಬ್ಬ ಗುಮಾಸ್ತ, ಎರಡೂ ಕೈಗಳನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ತೀರ್ಪಿಗೆ ಕಾಯುತ್ತಾ ನಿಂತಿದ್ದಾನೆ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಹತ್ತಿರದ ಪುಟ ಅದೇ.

ಊಟದ ದೃಶ್ಯಗಳಲ್ಲಿ ಜಾಸ್ತಿ ಎಚ್ಚರ ಬೇಕು. ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ ಯಾವುದೂ ಆಗ ಅಲ್ಲಿರಲಿಲ್ಲ. ಕಾಳುಮೆಣಸು ಇತ್ತು.

ಪ್ರಚಾರಕ್ಕೆ ಕೈಹಿಡಿದದ್ದೂ ಅದೇ ಕಾಳುಮೆಣಸು. ಸುಮ್ನೆ "ಪುಸ್ತಕ ಬಂದಿದೆ, ಕೊಳ್ಳಿ" ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ವಾರಕ್ಕೊಂದು ನಿಜವಾದ ಸಂಗತಿ ಬರೆದು ಕಳಿಸತೊಡಗಿದೆ. 408ರಲ್ಲಿ ರೋಮಿಗೆ ಮುತ್ತಿಗೆ ಹಾಕಿದ ಗೋಥ್ ಜನರ ದೊರೆ ಅಲಾರಿಕ್, ಬಿಟ್ಟು ಹೋಗುವುದಕ್ಕೆ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3000 ಪೌಂಡ್ ಕಾಳುಮೆಣಸನ್ನೂ ಕೇಳಿದ್ದ. ಇದನ್ನು ಓದಿದವರೆಲ್ಲ "ಇದು ನಿಜಾನಾ?" ಅಂತ ಕೇಳಿದರು. ಆ ಪ್ರಶ್ನೆಗಾಗಿಯೇ ಪುಸ್ತಕದ ಕೊನೆಯಲ್ಲಿ ಎರಡು ಪುಟ ಇಟ್ಟೆ: ಯಾವುದು ನಡೆದದ್ದು, ಯಾವುದು ನನ್ನ ಕಲ್ಪನೆ. ಓದುಗರಿಗೆ ಈ ಗೆರೆ ಕಾಣಲೇಬೇಕು.

ಮುಖಪುಟದಲ್ಲಿ ಕತ್ತಿ ಹಿಡಿದ ಗ್ಲಾಡಿಯೇಟರ್ ಇರಲಿ ಅಂತ ಮುದ್ರಣದವರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಆ ಹೊತ್ತಿಗೆ ಗ್ಲಾಡಿಯೇಟರ್ ಕಾಳಗಗಳು ನಿಂತೇ ಹೋಗಿದ್ದವು. ಗೋಧಿ ಮೂಟೆಯ ಚಿತ್ರ ಹಾಕಿಸಿದೆ.

ಸಕಲೇಶಪುರದ ಕಡೆ ಒಂದು ಸಂಜೆ ಹತ್ತು ಜನರೆದುರು ಒಂದು ಅಧ್ಯಾಯ ಓದಿದೆ. ಮುಗಿದ ಮೇಲೆ ಮೆಣಸು ಬೆಳೆಯುವ ಹಿರಿಯರೊಬ್ಬರು ಎದ್ದು, "3000 ಪೌಂಡ್ ಅಂದ್ರೆ ಎಷ್ಟು ಮೂಟೆ ಆಗುತ್ತೆ ಸಾರ್?" ಅಂದರು. ಅಲ್ಲೇ ಕೂತು ಲೆಕ್ಕ ಹಾಕಿದೆವು. ರೋಮಿನ ಪೌಂಡ್ ಸುಮಾರು 327 ಗ್ರಾಂ. 50 ಕೆಜಿಯ ಮೂಟೆಯಾದರೆ ಹತ್ತಿರ ಹತ್ತಿರ 20. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ತೋಟದಲ್ಲಿ ಒಳ್ಳೆ ವರ್ಷ ಅಷ್ಟು ಬರುತ್ತೆ" ಅಂದರು. ಎರಡು ಪ್ರತಿ ತಗೊಂಡು ಹೋದರು.