ಮಗುವಿನ ಕಣ್ಣಿನ ಆಪರೇಷನ್ ಆದ ಮೇಲೆ ತಪಾಸಣೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಮಗುವಿನ ಕಣ್ಣಿನ ಪೊರೆ ತೆಗೆಸಿಕೊಂಡು ಊರಿಗೆ ಬಂದರೆ ಮನೆಯವರೆಲ್ಲ 'ಸದ್ಯ, ಮುಗೀತು' ಅಂದುಕೊಳ್ಳುತ್ತಾರೆ. ಮಕ್ಕಳ ವಿಷಯದಲ್ಲಿ ಕೆಲಸ ಶುರುವಾಗುವುದೇ ಆಗ. ಸುಮಾರು 7-8 ವರ್ಷದವರೆಗೆ ಮಿದುಳು ನೋಡುವುದನ್ನು ಕಲಿಯುತ್ತಲೇ ಇರುತ್ತದೆ, ಕಣ್ಣೂ ಬೆಳೆಯುತ್ತದೆ, ಅದಕ್ಕೇ ಕನ್ನಡಕದ ನಂಬರ್ ಬದಲಾಗುತ್ತದೆ, ಮತ್ತೆ ಪೊರೆ ಕಟ್ಟಬಹುದು, ಕೆಲವು ಮಕ್ಕಳಿಗೆ ವರ್ಷಗಳಾದ ಮೇಲೆ ಕಣ್ಣಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು. ಮನೆಯಲ್ಲಿ ನೋಡಿ ಇದನ್ನೆಲ್ಲ ಕಂಡುಹಿಡಿಯಲು ಆಗುವುದಿಲ್ಲ.

ಮೊದಲು, ಡಿಸ್ಚಾರ್ಜ್ ದಿನವೇ ಮುಂದಿನ ತಾರೀಕುಗಳನ್ನು ಬರೆಸಿಕೊಳ್ಳಿ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕುವವರಾದರೆ ಯಾವ ವಾರ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ ಎಂದು ಲೆಕ್ಕ ಹಾಕಿ ಡಾಕ್ಟರಿಗೆ ಅಲ್ಲೇ ಹೇಳಿಬಿಡಿ. ಆ ವಾರ ಮನೆ ಬಿಟ್ಟು ಬರಲು ಯಾರಿಗಾಗುತ್ತದೆ? ಸಂಕೋಚಪಟ್ಟು ಸುಮ್ನೆ ತಲೆ ಆಡಿಸಿ ಬಂದವರೇ ಆಮೇಲೆ ತಪ್ಪಿಸುವುದು ಜಾಸ್ತಿ. ಆದರೆ ಆಪರೇಷನ್ ಆದ ಹೊಸತರಲ್ಲಿ ಹೇಳಿದ ದಿನಗಳನ್ನು ಮಾತ್ರ ಮುಂದೂಡಬೇಡಿ, ಸೋಂಕು ತಗಲುವ ಭಯ ಆಗಲೇ ಹೆಚ್ಚು.

ಆಮೇಲೆ, ಯಾರು ಕರೆದುಕೊಂಡು ಹೋಗುವುದು? ಅಪ್ಪ ಹೊರಟರೆ ಆ ದಿನದ ಕೂಲಿ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅಮ್ಮನ ಜೊತೆ ಅಜ್ಜಿಗೋ ಚಿಕ್ಕಮ್ಮನಿಗೋ ದಾರಿ, ಔಷಧಿ ಎಲ್ಲ ಗೊತ್ತಿರಲಿ. ಪ್ರತಿ ಸಲವೂ ಬೆಂಗಳೂರಿಗೇ ಬರಬೇಕಾ, ಕೆಲವು ಪರೀಕ್ಷೆ ಚಿಕ್ಕಬಳ್ಳಾಪುರದಲ್ಲೇ ಆಗುತ್ತಾ ಎಂದೂ ಕೇಳಿ. ಹುಟ್ಟಿನಿಂದ ಬಂದ ಪೊರೆ, ಮಕ್ಕಳ ಕಾಯಿಲೆ ಪತ್ತೆ ಹಚ್ಚಿ ಚಿಕಿತ್ಸೆ ಕೊಡಿಸುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿದೆ, 18 ವರ್ಷದವರೆಗಿನ ಮಕ್ಕಳು ಅದರಡಿ ಬರುತ್ತಾರೆ. ಆಶಾ ಕಾರ್ಯಕರ್ತೆಗೆ ತಾರೀಕಿನ ಚೀಟಿ ತೋರಿಸಿಡಿ, ಅವರೂ ನೆನಪು ಮಾಡುತ್ತಾರೆ.

ಅತಿ ಕಷ್ಟದ್ದು ಪ್ಯಾಚ್. ಚೆನ್ನಾಗಿ ಕಾಣುವ ಕಣ್ಣು ಮುಚ್ಚಿ ಮಂದವಾದ ಕಣ್ಣಿಗೆ ಕೆಲಸ ಕೊಡುವುದು ಅಂದರೆ ಮಗು ಅಳುತ್ತದೆ, ಕಿತ್ತು ಹಾಕುತ್ತದೆ, 'ಪಾಪ, ಬಿಡಮ್ಮ' ಅಂತ ಅಜ್ಜಿ ಅನ್ನುತ್ತಾರೆ. ಬಿಡಬೇಡಿ. ಡಾಕ್ಟರ್ ಹೇಳಿದಷ್ಟು ಹೊತ್ತು ಟೀವಿಯೋ ಬಣ್ಣ ಹಚ್ಚುವುದೋ ಏನಾದರೂ ಕೊಟ್ಟು ಕೂರಿಸಿ. ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಿಸಲು ಹೇಳಿ.

ಮಗಳಿಗೆ ಕನ್ನಡಕ ಹಾಕಿದರೆ ನಾಳೆ ಮದುವೆಗೆ ತೊಂದರೆ ಅನ್ನುವವರು ಈಗಲೂ ಇದ್ದಾರೆ. ಆ ಮಾತು ಕೇಳಿ ಕನ್ನಡಕ ತೆಗೆಸಿದರೆ ಹೋಗುವುದು ಮಗಳ ದೃಷ್ಟಿ.

ಕಣ್ಣು ಕೆಂಪಾದರೆ, ನೋವು ಅಂದರೆ, ಕೀವು ಬಂದರೆ, ಬೆಳಕು ನೋಡಲಾಗದೆ ಮುಖ ತಿರುಗಿಸಿದರೆ ತಾರೀಕು ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ.